ರನ್ ಅಂದ್ರೆ ಬರೀ ಓಟ ಅಲ್ಲ!

ಎಸ್ಸೆಸ್ಸೆಲ್ಸಿವರೆಗೆ ನಾನು ಓದಿದ್ದು ಕನ್ನಡ ಮಾಧ್ಯಮದಲ್ಲಿ. ಬಿ.ಇ. ಮೊದಲ ಸೆಮಿಸ್ಟರಿನ ಸಿ ಲ್ಯಾಬಿನಲ್ಲಿ ಮೇಡಂ ಪಕ್ಕಕ್ಕೆ ಬಂದು, ‘ರನ್ ಥ್ರೂ ದ ಪ್ರೋಗ್ರಾಂ ಒನ್ಸ್’ ಅಂದರು. ರನ್ ತಾನೇ, ಗೊತ್ತಿರುವ ಪದ! ತಟ್ಟನೆ ರನ್ ಬಟನ್ ಒತ್ತಿದೆ. ಸ್ಕ್ರೀನ್ ತುಂಬಾ ಎರರ್. ಅವರು ಹೇಳಿದ್ದು, ಬರೆದಿದ್ದರ ಮೇಲೆ ಮೊದಲಿನಿಂದ ಒಮ್ಮೆ ಕಣ್ಣಾಡಿಸು ಎಂದು. ಹಿಂದಿನ ಸಾಲಿನ ನಗು ಇನ್ನೂ ಕಿವಿಯಲ್ಲಿದೆ. ಆಮೇಲೆ ಇಡೀ ಸೆಮಿಸ್ಟರ್ ಲ್ಯಾಬಿನಲ್ಲಿ ನಾನು ಒಂದೇ ಒಂದು ಡೌಟ್ ಕೇಳಲಿಲ್ಲ.

ಕ್ರಿಕೆಟ್ ನೋಡಿ ಬೆಳೆದವರು ನಾವು. ರನ್ ಔಟ್ ಏನೆಂದು ನಮ್ಮೂರಿನ ಒಂದನೇ ಕ್ಲಾಸಿನ ಹುಡುಗನೂ ವಿವರಿಸುತ್ತಾನೆ. ಆದರೆ ‘ರನ್ ಔಟ್ ಆಫ್ ಮಿಲ್ಕ್’ ಅಂದರೆ ಹಾಲು ಖಾಲಿ ಎಂದು ನನಗೆ ತಿಳಿದದ್ದು ಹಾಸ್ಟೆಲ್ ಸೇರಿದ ಮೇಲೆ. ಆಕ್ಸ್‌ಫರ್ಡ್ ನಿಘಂಟಿನವರು ಈ ಒಂದು ಕ್ರಿಯಾಪದಕ್ಕೇ 645 ಅರ್ಥ ಗುರುತಿಸಿದ್ದಾರಂತೆ. ಓದಿ ತುಸು ಸಮಾಧಾನವಾಯಿತು.

ಹುಡುಕುತ್ತಾ ಹೋದಂತೆ ಮಜಾ ಅನ್ನಿಸಿತು. ಇಂಗ್ಲಿಷಿನವರು ಓಡಿಸುವುದನ್ನು ನಾವು ನಡೆಸುತ್ತೇವೆ. ಅಂಗಡಿ, ಹೋಟೆಲ್, ಸಂಸಾರ ಎಲ್ಲವೂ. ಅಮೆರಿಕದವರು ಚುನಾವಣೆಗೆ ಓಡಿದರೆ ನಮ್ಮವರು ನಿಲ್ಲುತ್ತಾರೆ (ಗೆದ್ದ ಮೇಲೆ ಕೈಗೆ ಸಿಗದಂತೆ ಓಡುತ್ತಾರೆ, ಅದು ಬೇರೆ ಮಾತು). ಅವರ ಮೂಗು ಓಡುತ್ತದೆ, ನಮ್ಮದು ಸೋರುತ್ತದೆ. ಹಾಗಂತ ಕನ್ನಡದ ಓಟವೇನೂ ಕಡಿಮೆಯಲ್ಲ. ಸಿನಿಮಾ ನೂರು ದಿನ ಓಡುತ್ತದೆ, ಪರೀಕ್ಷೆಯ ದಿನ ತಲೆಯೇ ಓಡುವುದಿಲ್ಲ. ಇದನ್ನೆಲ್ಲ ನಮಗೆ ಯಾರೂ ಕೂರಿಸಿ ಹೇಳಿಕೊಡಲಿಲ್ಲ, ಮನೆಯಲ್ಲಿ ಕೇಳಿ ಕೇಳಿ ಬಂತು. ಇಂಗ್ಲಿಷ್ ಕೇಳಿಸದ ಮನೆಯವರು ಏನು ಮಾಡಬೇಕು?

ನನ್ನ ತಕರಾರು ಇರುವುದು ಇಲ್ಲೇ. ಪ್ಲೇಸ್‌ಮೆಂಟ್ ತರಬೇತಿಯಲ್ಲಿ ದಿನಕ್ಕೆ ಇಪ್ಪತ್ತು ದೊಡ್ಡ ದೊಡ್ಡ ಪದ ಬಾಯಿಪಾಠ ಮಾಡಿಸುತ್ತಾರೆ. ‘ಯುಬಿಕ್ವಿಟಸ್’ ನನಗೆ ಗೊತ್ತು. ಇದುವರೆಗೆ ಯಾರೂ ಅದನ್ನು ನನ್ನೆದುರು ಆಡಿಲ್ಲ. ಎಡವಿ ಬೀಳಿಸುವುದು ರನ್, ಗೆಟ್, ಟೇಕ್‌ನಂಥ ಪುಟ್ಟ ಪದಗಳು. ಕನ್ನಡ ಮಾಧ್ಯಮದಿಂದ ಬಂದವರಿಗೆ ಮೊದಲ ಸೆಮಿಸ್ಟರಿನಲ್ಲಿ ವಾರಕ್ಕೊಂದು ಗಂಟೆ ಇವನ್ನು ಕನ್ನಡದ ಜತೆಗಿಟ್ಟು ಹೇಳಿಕೊಡಲಿ. ಲ್ಯಾಬಿನಲ್ಲಿ ಸುಮ್ಮನೆ ತಲೆಯಾಡಿಸುವ ಎಷ್ಟೋ ಮಂದಿ ಬಾಯಿಬಿಟ್ಟು ಡೌಟ್ ಕೇಳುತ್ತಾರೆ.

ನನ್ನ ನೋಟ್‌ಬುಕ್ಕಿನ ಕೊನೆ ಪುಟದಲ್ಲಿ ರನ್‌ಗೆ 41 ಅರ್ಥ ಸೇರಿದ್ದವು. ಮೊನ್ನೆ ಜೂನಿಯರ್ ಒಬ್ಬ ರೂಮಿಗೆ ಬಂದು, ‘ಅಣ್ಣಾ, ರನ್ನಿಂಗ್ ಎ ಫೀವರ್ ಅಂದ್ರೇನು?’ ಎಂದು ಮೆಲ್ಲಗೆ ಕೇಳಿದ. ‘ಜ್ವರ ಬಂದಿದೆ ಅಂತ ಕಣೋ’ ಅಂದೆ. ಅದು ನನ್ನ ಪಟ್ಟಿಯಲ್ಲಿ ಇರಲೇ ಇಲ್ಲ. ಈಗ 42.