ಓದಿದ್ದು ತಲೆಗೆ ಹತ್ತಿತೆ?

ಪದವಿ ಮುಗಿಯುವ ವರ್ಷ ಬಂದೊಡನೆ ಕಲಾ ವಿಭಾಗದ ನಮಗೆಲ್ಲ 'ಮುಂದೇನು?' ಎಂಬ ಪ್ರಶ್ನೆ ಎದುರಾಗುತ್ತದೆ. ಬಿ.ಎಡ್., ಎಂ.ಎ., ಇಲ್ಲವೆ ಸರ್ಕಾರಿ ನೌಕರಿಯ ಪರೀಕ್ಷೆ. ಈ ಮೂರು ದಾರಿಗಳಾಚೆಗೆ ನಮ್ಮ ದೃಷ್ಟಿ ಹಾಯುವುದು ಅಪರೂಪ. ನಾಲ್ಕನೆಯದೊಂದು ದಾರಿಯನ್ನು ಸಹಪಾಠಿಗಳ ಹಾಗೂ ಗುರುಗಳ ಮುಂದಿಡುವುದು ಈ ಲೇಖನದ ಉದ್ದೇಶ. ಪಾಠವನ್ನು ಹೇಗೆ ಕಟ್ಟಬೇಕೆಂಬುದನ್ನು ವಿಚಾರಿಸುವ ಶಾಸ್ತ್ರಕ್ಕೆ ಬೋಧನ ವಿನ್ಯಾಸವೆಂದು ಹೆಸರು. ಕಟ್ಟಿದ ಪಾಠದಿಂದ ಕಲಿಯುವವರಿಗೆ ಏನು ದಕ್ಕಿತೆಂದು ಅಳೆಯುವುದಕ್ಕೆ ಕಾರ್ಯಕ್ರಮ ಮೌಲ್ಯಮಾಪನವೆಂದು ಹೆಸರು. ಇವೆರಡನ್ನೂ ಸ್ನಾತಕೋತ್ತರ ಮಟ್ಟದಲ್ಲಿ ಅಭ್ಯಸಿಸುವವರು ನಮ್ಮಲ್ಲಿ ಹೆಚ್ಚಬೇಕೆಂಬುದು ನನ್ನ ಅಭಿಪ್ರಾಯ.

ಇಂದು ಪಾಠಗಳು ಮೊಬೈಲಿಗೇ ಬಂದಿವೆ. ಕೇಂದ್ರ ಸರ್ಕಾರದ ಸ್ವಯಂ, ದೀಕ್ಷಾ ಎರಡೂ 2017ರಲ್ಲಿ ಆರಂಭವಾದುವು. ಮನೆತನದಲ್ಲಿ ಮೊದಲ ಬಾರಿಗೆ ಕಾಲೇಜಿನ ಮೆಟ್ಟಿಲು ಹತ್ತಿದ ನಮ್ಮಂತಹವರಿಗೆ ಇದೊಂದು ವರವೇ ಸರಿ. ಆದರೆ ಎಷ್ಟು ಮಂದಿ ಸೇರಿದರು, ಎಷ್ಟು ಪಾಠ ತೆರೆದರು ಎಂಬ ಲೆಕ್ಕ ಕಲಿಕೆಯ ಲೆಕ್ಕವಲ್ಲ. ಬೆರಳು ಪುಟವನ್ನು ಸರಿಸಿದ ಮಾತ್ರಕ್ಕೆ ಬುದ್ಧಿ ಅದನ್ನು ಹಿಡಿಯಿತೆಂದು ಹೇಳಲಾದೀತೆ?

ಈ ಸಂದೇಹ ಆಧಾರವಿಲ್ಲದ್ದಲ್ಲ. ಡೆಲ್ಗಾಡೊ ಮತ್ತು ಸಂಗಡಿಗರು 2018ರಲ್ಲಿ 54 ಅಧ್ಯಯನಗಳನ್ನು ಒಟ್ಟುಗೂಡಿಸಿ ಪರಿಶೀಲಿಸಿದರು. 1,70,000ಕ್ಕೂ ಹೆಚ್ಚು ಓದುಗರ ವಿಷಯ ಅವುಗಳಲ್ಲಿತ್ತು. ಕಾಗದದಲ್ಲಿ ಓದಿದವರ ಗ್ರಹಿಕೆ ಪರದೆಯಲ್ಲಿ ಓದಿದವರದಕ್ಕಿಂತ ಸ್ವಲ್ಪ ಮೇಲಾಗಿತ್ತು. ಓದಿಗೆ ಕಾಲಮಿತಿ ಇದ್ದಾಗ ಅಂತರ ಹೆಚ್ಚಿತು. ಕಥೆಗಳ ಓದಿನಲ್ಲಿ ಆ ಅಂತರ ಕಾಣಲಿಲ್ಲ. ವಿಷಯ ತಿಳಿಸುವ ಬರಹಗಳಲ್ಲಿ ಕಂಡಿತು. ನಮ್ಮ ಪಠ್ಯಗಳು ಈ ಎರಡನೆಯ ಜಾತಿಯವೇ ಅಲ್ಲವೆ? ಹಾಗೆಂದು ಮೊಬೈಲನ್ನು ಎಸೆಯಬೇಕಾಗಿಲ್ಲ. ಪುಸ್ತಕದ ಪುಟವನ್ನೇ ಪರದೆಗೆ ಅಂಟಿಸಿದರೆ ಸಾಲದು, ಪರದೆಯ ಪಾಠವನ್ನು ಬೇರೆ ರೀತಿಯಲ್ಲಿ ಕಟ್ಟಿ ಪರೀಕ್ಷಿಸಬೇಕು ಎಂಬುದಷ್ಟೇ ಇದರ ತಾತ್ಪರ್ಯ.

ಪರೀಕ್ಷಿಸುವುದು ಯಾವಾಗ? ಮೈಕೇಲ್ ಸ್ಕ್ರಿವೆನ್ 1967ರಲ್ಲಿ ಎರಡು ಬಗೆಯ ಮೌಲ್ಯಮಾಪನಗಳನ್ನು ಬೇರ್ಪಡಿಸಿದರು: ಕೆಲಸ ನಡೆಯುತ್ತಿರುವಾಗ ತಿದ್ದುವುದಕ್ಕಾಗಿ ಮಾಡುವಂತಹದು ಒಂದು, ಮುಗಿದ ಮೇಲೆ ಬೆಲೆ ಕಟ್ಟುವುದಕ್ಕಾಗಿ ಮಾಡುವಂತಹದು ಇನ್ನೊಂದು. ಕುಂಬಾರನು ಹಸಿ ಮಡಕೆಯನ್ನು ತಟ್ಟಿ ಸರಿಪಡಿಸುವುದಕ್ಕೂ ಸಂತೆಯಲ್ಲಿ ಕೊಳ್ಳುವವನು ಸುಟ್ಟ ಮಡಕೆಯನ್ನು ಬಡಿದು ನೋಡುವುದಕ್ಕೂ ಇರುವ ಭೇದವೇ ಇದು. ಅಮೆರಿಕದ 'ಸೆಸಮಿ ಸ್ಟ್ರೀಟ್' ಎಂಬ ಮಕ್ಕಳ ಟೆಲಿವಿಷನ್ ಕಾರ್ಯಕ್ರಮ 1969ರಲ್ಲಿ ಪ್ರಸಾರವಾಗುವ ಮುನ್ನವೇ, ನೋಡುವ ಮಕ್ಕಳ ಗಮನ ಎಲ್ಲೆಲ್ಲಿ ಜಾರುತ್ತದೆಂದು ಗುರುತು ಹಾಕಿದರು. ಬೀದಿಯ ದೃಶ್ಯಗಳಲ್ಲಿ ಗಮನ ಕುಗ್ಗುವುದನ್ನು ಕಂಡು, ಗೊಂಬೆಗಳನ್ನು ಆ ಬೀದಿಗೇ ತಂದರು. ಹಸಿ ಮಡಕೆಯನ್ನು ತಟ್ಟುವುದೆಂದರೆ ಇದು.

ನಮ್ಮ ನಾಡಿಗೂ ಇದು ಹೊಸತಲ್ಲ. 1975ರ ಆಗಸ್ಟಿನಿಂದ ಒಂದು ವರ್ಷ ಕಾಲ ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟೆಲಿವಿಷನ್ ಪಾಠಗಳನ್ನು ಕಳುಹಿಸಿದ 'ಸೈಟ್' ಪ್ರಯೋಗದಲ್ಲಿ ಕರ್ನಾಟಕದ ಹಳ್ಳಿಗಳೂ ಇದ್ದುವು. ಆಗ ಸಮಾಜವಿಜ್ಞಾನಿಗಳು ಹಳ್ಳಿಗಳಿಗೆ ಹೋಗಿ ಅದರ ಪರಿಣಾಮವನ್ನು ಅಭ್ಯಸಿಸಿದರು. ಯಂತ್ರವನ್ನು ಕಳುಹಿಸಿದರೆ ಸಾಲದು, ಮನುಷ್ಯನನ್ನು ಕೇಳಬೇಕೆಂಬ ವಿವೇಕ ಅಂದೇ ಇದ್ದಿತು.

ಒಳ್ಳೆಯ ಅಧ್ಯಾಪಕರಿಗೆ ಇಷ್ಟೆಲ್ಲ ಶಾಸ್ತ್ರವೇಕೆ ಎಂದು ಕೆಲವರು ಕೇಳಬಹುದು. ಮಾತು ನಿಜ. ತರಗತಿಯಲ್ಲಿ ನಮ್ಮ ಹುಬ್ಬು ಗಂಟಿಕ್ಕಿದುದನ್ನು ಕಂಡು ಗುರುಗಳು ಅದೇ ವಿಷಯವನ್ನು ಇನ್ನೊಮ್ಮೆ ಬಿಡಿಸಿ ಹೇಳುತ್ತಾರೆ. ಪರದೆಗೆ ನಮ್ಮ ಹುಬ್ಬು ಕಾಣಿಸದು. ಓದಿದ ತಂದೆತಾಯಿಗಳುಳ್ಳವರು ಮನೆಯಲ್ಲಿ ಕೇಳಿ ತಿಳಿದಾರು. ನಮಗೆ ಆ ಅನುಕೂಲವಿಲ್ಲ. ಕೆಟ್ಟದಾಗಿ ಕಟ್ಟಿದ ಪಾಠದ ನಷ್ಟವನ್ನು ಮೊದಲು ತೆರುವವರು ನಾವೇ. ಆದುದರಿಂದ ಕನ್ನಡದಲ್ಲಿ ಓದಿ ಬಂದ ವಿದ್ಯಾರ್ಥಿ ಎಲ್ಲಿ ಎಡವುತ್ತಾನೆಂದು ಬಲ್ಲವರೇ ಈ ಶಾಸ್ತ್ರಕ್ಕೆ ಕೈ ಹಾಕುವುದು ಯೋಗ್ಯ.

ಆರಂಭಕ್ಕೆ ಹಣ ಬೇಕಾಗಿಲ್ಲ. ಒಂದು ಪಾಠವನ್ನು ತರಗತಿಯ ಅರ್ಧ ಮಂದಿ ಕಾಗದದಲ್ಲಿಯೂ ಉಳಿದರ್ಧ ಮೊಬೈಲಿನಲ್ಲಿಯೂ ಓದಲಿ. ಯಾರು ಯಾವ ಗುಂಪಿಗೆಂಬುದನ್ನು ಚೀಟಿ ಎತ್ತಿ ನಿರ್ಧರಿಸಲಿ. ಬಳಿಕ ಇಬ್ಬರಿಗೂ ಅವೇ ಹತ್ತು ಪ್ರಶ್ನೆಗಳನ್ನು ಕೇಳೋಣ. ಬರುವ ವರ್ಷದ ಸಂಚಿಕೆಯಲ್ಲಿ ಅದರ ಫಲಿತಾಂಶವನ್ನು ನಮ್ಮ ಕಿರಿಯರು ಬರೆಯುವಂತಾದರೆ ಸಂತೋಷ.