ಬಂದರಿನ ಹೂಳು ಯಾರ ಸೊತ್ತು?

ಹೊಳೆಯ ಜೇಡಿಯನ್ನು ಹಂಚು ಮಾಡಿ ದೂರದೇಶಗಳಿಗೆ ಕಳಿಸಿದ ಊರು ನಮ್ಮದು. 1865ರಲ್ಲಿ ಜೆಪ್ಪುವಿನಲ್ಲಿ ಬಾಸೆಲ್ ಮಿಶನ್ನಿನ ಹಂಚಿನ ಕಾರ್ಖಾನೆ ಎದ್ದಂದಿನಿಂದ, ಮಣ್ಣಿನಿಂದ ಹಣ ಹೇಗೆ ಹುಟ್ಟುತ್ತದೆ, ಅದು ಯಾರ ಪೆಟ್ಟಿಗೆ ಸೇರುತ್ತದೆ ಎಂಬುದನ್ನು ಮಂಗಳೂರಿನ ಕೂಲಿಕಾರನಿಗೆ ಯಾರೂ ಕಲಿಸಬೇಕಾಗಿಲ್ಲ.

ಈಗ ಇನ್ನೊಂದು ಮಣ್ಣಿನ ಮಾತು. ಮಳೆಗಾಲ ಕಳೆದರೆ ಪಣಂಬೂರಿನ ಬಂದರಿನ ಹೂಳು ತೆಗೆಯಲೇಬೇಕು. ತೆಗೆದದ್ದನ್ನು ಹೊರಗಡಲಿಗೆ ಒಯ್ದು ಸುರಿಯುವುದು ರೂಢಿ. ಕೆಲವೇ ಮೈಲು ತೆಂಕಿಗೆ, ಉಳ್ಳಾಲದಲ್ಲಿ, ಕಡಲು ಮನೆಯನ್ನೂ ತೆಂಗನ್ನೂ ನುಂಗುತ್ತದೆ. ಅದನ್ನು ತಡೆಯಲು ಗುಡ್ಡ ಒಡೆದು ಲಾರಿಗಟ್ಟಲೆ ಕಲ್ಲು ತಂದು ಹಾಕುತ್ತಾರೆ. ಎಸೆಯಲೂ ಖರ್ಚು, ತರಲೂ ಖರ್ಚು. ಎರಡೂ ಸಾರ್ವಜನಿಕರ ಹಣವೇ ತಾನೆ?

ಜಪಾನಿನವರು ಹೂಳಿನ ಜೇಡಿಗೆ ಉಕ್ಕಿನ ಕಾರ್ಖಾನೆಯ ಕಿಟ್ಟ ಬೆರೆಸುತ್ತಾರೆ. ಕಿಟ್ಟದೊಳಗಿನ ಸುಣ್ಣ ಜೇಡಿಯೊಡನೆ ಕೂಡಿ ಗಟ್ಟಿಯಾಗುತ್ತದೆ. ಅದರಿಂದ ಕಡಲತಳದ ಗುಂಡಿಗಳನ್ನೂ ತುಂಬಿದ್ದಾರೆ. ನಮ್ಮಲ್ಲೂ ಸಾಮಗ್ರಿಗೆ ಬರವಿಲ್ಲ. ತೋರಣಗಲ್ಲಿನ ಊದುಕುಲುಮೆಯ ಕಿಟ್ಟ, ಎಲ್ಲೂರಿನ 1200 ಮೆಗಾವಾಟ್ ಸ್ಥಾವರದ ಹಾರುಬೂದಿ, ಇವೆರಡೂ ಸಿಮೆಂಟಿಗೆ ಸೇರಿದರೆ ಉಪ್ಪುನೀರನ್ನು ಸಾದಾ ಸಿಮೆಂಟಿಗಿಂತ ಚೆನ್ನಾಗಿ ತಾಳುತ್ತವೆ. ಕಿಟ್ಟದ ಸಿಮೆಂಟಿನಲ್ಲಿ ಕಿಟ್ಟವೇ ಶೇಕಡಾ 25ರಿಂದ 70ರ ತನಕ ಇರಬಹುದೆಂದು ಭಾರತೀಯ ಮಾನಕವೇ ಹೇಳುತ್ತದೆ. ಅಲೆ ಮುರಿಯುವ ನಾಲ್ಕು ಕಾಲಿನ ದಿಂಡುಗಳಿಗೆ ಸಾಮಾನ್ಯವಾಗಿ ಕಬ್ಬಿಣದ ಸರಳು ಹಾಕುವುದಿಲ್ಲ; ಆದುದರಿಂದ ಕಡಲ ಮರಳು ಬಳಸಿದರೂ ತುಕ್ಕಿನ ಭಯವಿಲ್ಲ.

ಹಾಗೆಂದು ಕಣ್ಣುಮುಚ್ಚಿ ಜೈ ಎನ್ನಲಾರೆವು. ಬಂದರಿನ ಹೂಳಿನಲ್ಲಿ ಎಣ್ಣೆಯೂ ಹಡಗಿನ ಬಣ್ಣದ ವಿಷವೂ ಇರಬಹುದು. ಉಕ್ಕಿನ ಕಿಟ್ಟವನ್ನು ಸಾಕಷ್ಟು ಕಾಲ ಮಳೆಗಾಳಿಗೆ ಹಣ್ಣಾಗಲು ಬಿಡದಿದ್ದರೆ ಊದಿಕೊಂಡು ದಿಂಡು ಸೀಳುತ್ತದೆ. 1999ರಿಂದಲೇ ಬೂದಿಗೆ ನಿಯಮವಿದ್ದರೂ, 2021ರ ಡಿಸೆಂಬರ್ 31ರ ಅಧಿಸೂಚನೆಯು ಬಳಸದೆ ಉಳಿಸಿದ ಬೂದಿಗೆ ಟನ್ನಿಗೆ 1000 ರೂಪಾಯಿ ಪರಿಹಾರ ವಿಧಿಸಿತು. ಒಳ್ಳೆಯದೇ. ಆದರೆ ದಂಡದ ಅಂಜಿಕೆಯಿಂದ, ಕಸಕ್ಕೆ ‘ಕಟ್ಟಡ ಸಾಮಗ್ರಿ’ ಎಂದು ಹೆಸರಿಟ್ಟು ಮೊಗವೀರರ ಅಂಗಳಕ್ಕೆ ಸುರಿಯುವ ಆಸೆ ಯಾರಿಗೂ ಹುಟ್ಟದೇ?

ಮುಂದಿನ ಹೂಳೆತ್ತುವ ಟೆಂಡರಿಗೆ ಮೊದಲು ಹೂಳಿನ, ಬೂದಿಯ, ಕಿಟ್ಟದ ಪರೀಕ್ಷೆಯ ವರದಿಯನ್ನು ಕನ್ನಡದಲ್ಲಿ ಧಕ್ಕೆಯ ಗೋಡೆಗೆ ಅಂಟಿಸಲಿ. ದಿಂಡು ಎರೆಯುವ ಕೆಲಸವನ್ನು ಒಬ್ಬನೇ ದೊಡ್ಡ ಗುತ್ತಿಗೆದಾರನಿಗೆ ಕಟ್ಟಿಕೊಡದೆ, ಕಾರ್ಮಿಕರ ಸಹಕಾರ ಸಂಘಗಳಿಗೂ ಸಣ್ಣ ಇಟ್ಟಿಗೆಯವರಿಗೂ ಹಂಚಲಿ. ಕಿಟ್ಟ ಜರಡಿ ಹಿಡಿಯುವವನ ಮೂಗಿಗೆ ಮುಸುಕು, ಪುಪ್ಪುಸಕ್ಕೆ ವರ್ಷಕ್ಕೊಮ್ಮೆ ತಪಾಸಣೆ; ಇದರ ಖರ್ಚು ಕಸ ಹುಟ್ಟಿಸಿದವರದು.