ವೇಗದ ಜೊತೆ ವಿಳಂಬವನ್ನೂ ಅಳೆಯಿರಿ

ಇ-ಆಡಳಿತ ಇಲಾಖೆಯ ಕಾರ್ಯದರ್ಶಿಯವರಿಗೆ,
ಕರ್ನಾಟಕ ಸರ್ಕಾರ, ಬೆಂಗಳೂರು

ಮಾನ್ಯರೇ,

ಪಹಣಿಗೋ ಜಾತಿ ಪ್ರಮಾಣಪತ್ರಕ್ಕೋ ಅರ್ಧ ದಿನದ ಕೂಲಿ ಬಿಟ್ಟು ಬಂದವರು ಮಲೆನಾಡಿನ ಒಳಹಳ್ಳಿಗಳಲ್ಲಿ ‘ಸರ್ವರ್ ಇಲ್ಲ, ನಾಳೆ ಬನ್ನಿ’ ಎಂಬ ಮಾತು ಕೇಳಿ ಹಿಂದಿರುಗುತ್ತಾರೆ. ಎಷ್ಟೋ ಸಲ ಸರ್ವರ್ ಸುಸ್ಥಿತಿಯಲ್ಲೇ ಇರುತ್ತದೆ. ಹಳ್ಳಿಯ ಸಂಪರ್ಕವೂ ಕಡಿದಿರುವುದಿಲ್ಲ, ನಿಧಾನವಾಗಿರುತ್ತದೆ ಅಷ್ಟೆ. ಆ ನಿಧಾನಕ್ಕೆ ಬೇಕಾದ ಮದ್ದಿನಲ್ಲಿ ದೊಡ್ಡ ಪಾಲು ಬೆಂಗಳೂರಿನಲ್ಲೇ ಇದೆ. ನೆಟ್‌ವರ್ಕ್ ಕೆಲಸದಲ್ಲಿರುವವನಾಗಿ ಅದನ್ನು ನಿಮ್ಮ ಗಮನಕ್ಕೆ ತರಲು ಬರೆಯುತ್ತಿದ್ದೇನೆ.

ಟೆಂಡರುಗಳಲ್ಲಿ ನಾವು ಎಂಬಿಪಿಎಸ್ ಕೇಳುತ್ತೇವೆ. ಒಂದು ಸಂದೇಶ ಹೋಗಿ ಉತ್ತರ ಬರಲು ಎಷ್ಟು ಹೊತ್ತು ಎಂದು ವಿಚಾರಿಸುವವರು ಕಡಿಮೆ. ಫೈಬರ್ ತಲುಪದ ಕಡೆ ಬಳಸುವ ಭೂಸ್ಥಿರ ಉಪಗ್ರಹ 35,786 ಕಿಲೋಮೀಟರ್ ಮೇಲಿದೆ. ಪ್ರಶ್ನೆ ಏರಿ ಇಳಿಯಬೇಕು, ಉತ್ತರವೂ ಏರಿ ಇಳಿಯಬೇಕು. ಬೆಳಕಿನ ವೇಗದಲ್ಲಿ ಹೋದರೂ ಅರ್ಧ ಸೆಕೆಂಡು; ಯಂತ್ರಗಳ ಸಮಯ ಸೇರಿದರೆ ಸುಮಾರು 600 ಮಿಲಿಸೆಕೆಂಡು. ಸಿಗ್ನಲ್ ಕುಸಿದು ಫೋನ್ 2ಜಿಗೆ ಇಳಿದಾಗಲೂ ಹೆಚ್ಚುಕಡಿಮೆ ಇದೇ ಗತಿ. ಸುರಕ್ಷಿತ ಜಾಲತಾಣವೊಂದು ತೆರೆಯಲು ಹಳೆಯ ವಿಧಾನದಲ್ಲಿ ಐದು ಸುತ್ತು ಬೇಕು: ವಿಳಾಸ ಹುಡುಕಲು ಒಂದು, ಸಂಪರ್ಕ ಸ್ಥಾಪಿಸಲು ಒಂದು, ಗೂಢಲಿಪಿಯ ಒಪ್ಪಂದಕ್ಕೆ ಎರಡು, ಪುಟ ಕೇಳಲು ಒಂದು. ಮೊದಲ ಅಕ್ಷರ ಮೂಡುವಷ್ಟರಲ್ಲಿ ಮೂರು ಸೆಕೆಂಡು ಕಳೆದಿರುತ್ತದೆ. ಫಾಂಟು ಒಂದು ಕಡೆಯಿಂದ, ಚಿತ್ರ ಇನ್ನೊಂದು ಕಡೆಯಿಂದ ಬರುವಂತಿದ್ದರೆ ಅಲ್ಲಲ್ಲಿಗೂ ಇದೇ ಶಾಸ್ತ್ರ.

ಇನ್ನೂ ದೊಡ್ಡ ತೊಡಕು ಮಾಹಿತಿ ಸಾಗಿಸುವ ನಿಯಮಾವಳಿಯಾದ ಟಿಸಿಪಿಯಲ್ಲಿದೆ. ಒಂದಿಷ್ಟು ಮಾಹಿತಿ ಕಳಿಸಿ, ತಲುಪಿತೆಂಬ ಉತ್ತರ ಬಂದ ಮೇಲೆ ಮುಂದಿನದನ್ನು ಕಳಿಸುವುದು ಅದರ ನಿಯಮ. ಶರಾವತಿ ಹಿನ್ನೀರಿನ ಲಾಂಚ್ ನೆನಪಿಸಿಕೊಳ್ಳಿ: ಎರಡೂ ದಡದ ರಸ್ತೆ ಎಷ್ಟೇ ಅಗಲವಿದ್ದರೂ ಅದು ಹೋಗಿ ಬರುವವರೆಗೆ ಉಳಿದ ವಾಹನಗಳು ಕಾಯಲೇಬೇಕಿತ್ತು. ಟಿಸಿಪಿಯ ಮೂಲ ಮಿತಿ ಸುತ್ತೊಂದಕ್ಕೆ 65,535 ಬೈಟು. 600 ಮಿಲಿಸೆಕೆಂಡಿನ ವಿಳಂಬದಲ್ಲಿ ಇದು ಸೆಕೆಂಡಿಗೆ ಒಂಬತ್ತು ಲಕ್ಷ ಬಿಟ್ಟನ್ನೂ ಮುಟ್ಟುವುದಿಲ್ಲ. ಹತ್ತು ಎಂಬಿಪಿಎಸ್‌ಗೆ ಹಣ ಕೊಟ್ಟಿದ್ದರೂ ಒಂದು ಕಡತಕ್ಕೆ ಸಿಗುವುದು ಅಷ್ಟೇ. ಈ ಮಿತಿ ಹಿಗ್ಗಿಸುವ ಉಪಾಯ 1992ರಲ್ಲೇ ಬಂದಿದೆ, ಇಂದಿನ ಕಂಪ್ಯೂಟರುಗಳಲ್ಲೆಲ್ಲ ಇದೆ. ಆದರೆ ನಡುವಿನ ಹಳೆಯ ಫೈರ್‌ವಾಲ್ ಒಂದು ಆ ಸೂಚನೆಯನ್ನು ಅಳಿಸಿಬಿಟ್ಟರೆ ಮತ್ತೆ ಹಳೆಯ ಮಿತಿಯೇ.

ಮಳೆಗಾಲದಲ್ಲಿ ಕಷ್ಟ ಇಮ್ಮಡಿಯಾಗುತ್ತದೆ. ಕಾರಣ ತಿಳಿಯಲು ಸ್ವಲ್ಪ ಹಿಂದೆ ಹೋಗಬೇಕು: 1986ರ ಅಕ್ಟೋಬರಿನಲ್ಲಿ ಅಮೆರಿಕದ ಬರ್ಕ್ಲಿಯಲ್ಲಿ ಜಾಲದ ದಟ್ಟಣೆ ಹೆಚ್ಚಿ, ಸೆಕೆಂಡಿಗೆ 32,000 ಬಿಟ್ ಸಾಗುತ್ತಿದ್ದ ಕಡೆ 40 ಬಿಟ್ ಸಾಗತೊಡಗಿತ್ತು. ಅಲ್ಲಿನ ಸಂಶೋಧಕ ವ್ಯಾನ್ ಜೇಕಬ್ಸನ್ 1988ರಲ್ಲಿ ಸೂಚಿಸಿದ ಪರಿಹಾರ ಅಂತರ್ಜಾಲವನ್ನು ಉಳಿಸಿತು: ಪ್ಯಾಕೆಟ್, ಅಂದರೆ ಮಾಹಿತಿಯ ತುಣುಕು, ಕಳೆದುಹೋದರೆ ದಾರಿಯಲ್ಲಿ ದಟ್ಟಣೆಯಿದೆಯೆಂದು ತಿಳಿದು ವೇಗ ತಗ್ಗಿಸು. ಆದರೆ ನಿಸ್ತಂತು ಸಂಪರ್ಕದಲ್ಲಿ ಪ್ಯಾಕೆಟ್ ಕಳೆಯುವುದು ಜಡಿಮಳೆಗೆ, ತೊಯ್ದ ಮರಗಳ ಮರೆಗೆ. ಟಿಸಿಪಿಗೆ ಅದು ತಿಳಿಯದು. ದಾರಿ ಖಾಲಿಯಿದ್ದರೂ ವೇಗ ತಗ್ಗಿಸುತ್ತದೆ. ಸುತ್ತೊಂದಕ್ಕೆ ಅರ್ಧ ಸೆಕೆಂಡು ಹಿಡಿಯುವಲ್ಲಿ ಮತ್ತೆ ಚೇತರಿಸಿಕೊಳ್ಳಲು ಬಹಳ ಹೊತ್ತು ಬೇಕು. ಗೂಗಲ್ 2016ರಲ್ಲಿ ಪ್ರಕಟಿಸಿದ ಬಿಬಿಆರ್ ವಿಧಾನ ಪ್ಯಾಕೆಟ್ ನಷ್ಟವನ್ನಷ್ಟೇ ನಂಬದೆ ದಾರಿಯ ಸಾಮರ್ಥ್ಯವನ್ನೂ ವಿಳಂಬವನ್ನೂ ಅಳೆದು ವೇಗ ಗೊತ್ತುಮಾಡುತ್ತದೆ. ಅದು ಲಿನಕ್ಸ್‌ನಲ್ಲಿ ಉಚಿತವಾಗಿದೆ, ಸರ್ವರಿನಲ್ಲಿ ಹಾಕಿದರೆ ಸಾಕು. ಹಳ್ಳಿಯ ಫೋನಿನಲ್ಲಿ ಏನನ್ನೂ ಬದಲಿಸಬೇಕಿಲ್ಲ.

ಉಪಗ್ರಹ ಸಂಸ್ಥೆಗಳು ತಮ್ಮ ನೆಲಕೇಂದ್ರದಲ್ಲೇ ಟಿಸಿಪಿಗೆ ಉತ್ತರ ಕೊಟ್ಟು ಕಾಯುವಿಕೆ ತಗ್ಗಿಸುವ ಯಂತ್ರ ಇಟ್ಟಿರುತ್ತವೆ. ಕಚೇರಿಗಳು ಇದೇ ಸಂಪರ್ಕದ ಮೇಲೆ ವಿಪಿಎನ್ ಬಳಸಿದಾಗ ಟಿಸಿಪಿಯ ತಲೆಬರಹ ಗೂಢಲಿಪಿಯೊಳಗೆ ಅಡಗಿ, ಆ ಯಂತ್ರ ಕೈಕಟ್ಟಿ ಕೂರುತ್ತದೆ. ಸುರಕ್ಷತೆ ಬೇಡವೆನ್ನುತ್ತಿಲ್ಲ. ವಿಪಿಎನ್ ಎಲ್ಲಿ ಶುರುವಾಗಬೇಕೆಂಬುದನ್ನು ಸಂಪರ್ಕ ಕೊಡುವವರೂ ಭದ್ರತೆ ನೋಡುವವರೂ ಒಟ್ಟಿಗೆ ಕೂತು ತೀರ್ಮಾನಿಸಲಿ.

ನಿಮ್ಮಲ್ಲಿ ನನ್ನ ಬೇಡಿಕೆಗಳು ದುಬಾರಿಯವಲ್ಲ. ಸಾರ್ವಜನಿಕ ಸೇವೆಯ ಸರ್ವರುಗಳಲ್ಲಿ ಬಿಬಿಆರ್, ಗೂಢಲಿಪಿಯ ಹೊಸ ವಿಧಾನವಾದ ಟಿಎಲ್‌ಎಸ್ 1.3 ಮತ್ತು ಟಿಸಿಪಿಯ ಬದಲಿಗೆ ಬಳಸುವ ಕ್ವಿಕ್ ಇವೆಯೇ ಎಂದು ನೋಡಿಸಿ. ಈಗಾಗಲೇ ಇದ್ದರೆ ಸಂತೋಷ. ಕ್ವಿಕ್ ಬಂದರೆ ಐದು ಸುತ್ತಿನ ಕೆಲಸ ಮೂರರಲ್ಲಿ ಮುಗಿಯುತ್ತದೆ. ಸರ್ವರ್ ಮೊದಲ ಕಂತಿನಲ್ಲಿ ಸಾಮಾನ್ಯವಾಗಿ ಕಳಿಸುವುದು ಹತ್ತು ಪ್ಯಾಕೆಟ್, ಸುಮಾರು 14 ಕಿಲೋಬೈಟ್. ಅರ್ಜಿಯ ನಮೂನೆ ಅಷ್ಟರೊಳಗೆ ಹಿಡಿಸುವಂತಿರಲಿ. ಫೋನಿನಲ್ಲಿ ತೆಗೆದ ದಾಖಲೆಯ ಚಿತ್ರ ಫೋನಿನಲ್ಲೇ ಕುಗ್ಗಿ ಹೊರಡಲಿ. ಅಪ್‌ಲೋಡ್ ನಡುವೆ ನಿಂತರೆ ನಿಂತಲ್ಲಿಂದಲೇ ಮುಂದುವರಿಯಲಿ. ತುಂಬಿದ ಅರ್ಜಿ ಅಳಿಸಿಹೋಗಿ ಮತ್ತೆ ಮೊದಲಿಂದ ತುಂಬುವ ಸಂಕಟ ಯಾರಿಗೂ ಬೇಡ.

ಇವೆಲ್ಲಕ್ಕಿಂತ ಮುಖ್ಯವಾಗಿ, ಹೊಸ ತಂತ್ರಾಂಶವನ್ನು ಒಪ್ಪಿಕೊಳ್ಳುವ ಮುನ್ನ 600 ಮಿಲಿಸೆಕೆಂಡು ವಿಳಂಬ, ನೂರಕ್ಕೆ ಎರಡು ಪ್ಯಾಕೆಟ್ ನಷ್ಟ ಹಾಕಿ ಪರೀಕ್ಷಿಸಿ. ಲಿನಕ್ಸ್‌ನ ನೆಟೆಮ್ ಸೌಲಭ್ಯದಿಂದ ಇದನ್ನು ಬೆಂಗಳೂರಿನ ಯಾವ ಮೇಜಿನ ಮೇಲಾದರೂ ಮಾಡಬಹುದು. ಆ ಸ್ಥಿತಿಯಲ್ಲಿ ಅರ್ಜಿ ಸಲ್ಲಿಕೆಯಾಗದ ತಂತ್ರಾಂಶಕ್ಕೆ ಬಿಲ್ ಪಾಸಾಗಬಾರದೆಂದು ಮುಂದಿನ ಟೆಂಡರಿನಲ್ಲೇ ಬರೆಯಿಸಿ. ಪರೀಕ್ಷೆಯ ವಿಧಾನ ಬರೆದುಕೊಡಲು ನಾನು ಸಿದ್ಧನಿದ್ದೇನೆ, ಸಂಭಾವನೆ ಬೇಡ.

ಇಂತಿ ತಮ್ಮ ವಿಶ್ವಾಸಿ,
ಮಲೆನಾಡಿನ ಒಬ್ಬ ನೆಟ್‌ವರ್ಕ್ ಎಂಜಿನಿಯರ್